ಕೊನೆಯ ತೂಬಿನಲ್ಲಿ ನಿಂತು ಅಳೆಯಿರಿ: ಕಾಲುವೆ ನೀರು ಹಂಚುವವರಿಗೆ ಒಂದು ಬಹಿರಂಗ ಪತ್ರ

ತುಂಗಭದ್ರಾ ಎಡದಂಡೆ ನಾಲೆಯ ನೀರಿನ ಹಂಚಿಕೆಯನ್ನು ತೀರ್ಮಾನಿಸುವ ಸಭೆಯ ಮಾನ್ಯ ಅಧ್ಯಕ್ಷರಿಗೆ, ಆ ಸಭೆಯಲ್ಲಿ ಕೂರುವ ಸಚಿವರು, ಶಾಸಕರು ಹಾಗೂ ಎಂಜಿನಿಯರುಗಳಿಗೆ,

ಮಾನ್ಯರೇ,

ಸವಿನಯ ನಮಸ್ಕಾರಗಳು. ನಾನು ರಾಯಚೂರಿನಲ್ಲಿ ವಕೀಲಿ ವೃತ್ತಿ ಮಾಡುವವನು. ನಮ್ಮ ಮನೆತನದ ಹೊಲ ಮಾನ್ವಿ ತಾಲ್ಲೂಕಿನಲ್ಲಿ, ಎಡದಂಡೆ ನಾಲೆಯ ಒಂದು ಉಪಕಾಲುವೆಯ ಕೊನೆ ಭಾಗದಲ್ಲಿದೆ. ನೀರು ಬಿಡಿ ಎಂದು ಕೇಳುವ ಮನವಿಗಳು ತಮ್ಮ ಮೇಜಿಗೆ ಪ್ರತಿ ಹಂಗಾಮಿನಲ್ಲೂ ಬರುತ್ತವೆ. ದಯವಿಟ್ಟು ಈ ಪತ್ರವನ್ನು ಆ ಕಡತಕ್ಕೆ ಸೇರಿಸಬೇಡಿ. ನೀರು ಬಿಡುವ ಆದೇಶ ಕಾನೂನಿನ ಪ್ರಕಾರ ಹೊರಟಿತೇ ಎಂಬುದನ್ನು ತಾವು ಪರಿಶೀಲಿಸುತ್ತೀರಿ. ಆ ಆದೇಶದಿಂದ ನ್ಯಾಯ ದೊರೆಯಿತೇ ಎಂಬುದನ್ನು ಯಾರು ಪರಿಶೀಲಿಸುತ್ತಾರೆ, ಎಲ್ಲಿ ನಿಂತು ಪರಿಶೀಲಿಸುತ್ತಾರೆ ಎಂದು ಕೇಳಲು ಇದನ್ನು ಬರೆಯುತ್ತಿದ್ದೇನೆ.

ತಮಗೆ ಗೊತ್ತಿರುವ ಸಂಗತಿಗಳನ್ನೇ ಮೊದಲು ಹೇಳಬೇಕಾಗಿದೆ, ಏಕೆಂದರೆ ಈ ಪತ್ರವನ್ನು ಸಾರ್ವಜನಿಕರೂ ಓದುತ್ತಾರೆ. 1953ರಲ್ಲಿ ಅಣೆಕಟ್ಟು ಸಿದ್ಧವಾಯಿತು. ಎಡದಂಡೆ ನಾಲೆ ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ ಹುಟ್ಟಿ ಗಂಗಾವತಿ, ಕಾರಟಗಿ ದಾಟಿ, ಸಿಂಧನೂರು, ಮಾನ್ವಿ, ಸಿರವಾರದ ಹೊಲಗಳ ನಡುವೆ ಸುಮಾರು 227 ಕಿಲೋಮೀಟರ್ ಹರಿದು ರಾಯಚೂರು ತಾಲ್ಲೂಕನ್ನು ಮುಟ್ಟಬೇಕು. ಇದನ್ನು ಯೋಜಿಸಿದವರ ಕಣ್ಣ ಮುಂದೆ ಈ ಸೀಮೆಯ ಬರಗಾಲಗಳಿದ್ದವು. ಆದ್ದರಿಂದಲೇ ಕೆಲವು ಹೊಲಗಳಿಗೆ ಹೊಟ್ಟೆ ತುಂಬ ನೀರು ಕೊಡುವ ಬದಲು, ಹೆಚ್ಚು ಹೊಲಗಳ ಬೆಳೆ ಒಣಗದಂತೆ ಕಾಯುವಷ್ಟು ನೀರನ್ನು ತೆಳ್ಳಗೆ ಹರಡಬೇಕೆಂದು ನಿಶ್ಚಯಿಸಿದರು. ಭತ್ತಕ್ಕೆ, ಕಬ್ಬಿಗೆ ಸ್ವಲ್ಪ ಪ್ರದೇಶ. ಉಳಿದ ಬಹುಭಾಗ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೆ. ಯಾವ ಜಮೀನಿನಲ್ಲಿ ಯಾವ ಬೆಳೆ ಎಂಬುದನ್ನೂ ಗೊತ್ತುಮಾಡಿದರು. ಅದು ಎಂಜಿನಿಯರಿಂಗ್ ಲೆಕ್ಕವಾಗಿದ್ದಂತೆಯೇ ಹಂಚಿಕೆಯ ನ್ಯಾಯದ ಒಂದು ತೀರ್ಮಾನವೂ ಆಗಿತ್ತು.

ಆಮೇಲಿನದನ್ನು ನಮ್ಮ ಭಾಗದ ಮಕ್ಕಳೂ ಬಲ್ಲರು. ಮೇಲ್ಭಾಗದಲ್ಲಿ ಭತ್ತ ನಿಂತಿತು, ಅದರ ಹಿಂದೆಯೇ ಅಕ್ಕಿ ಗಿರಣಿಗಳು ಬಂದವು, ಗಂಗಾವತಿ ಮತ್ತು ಸಿಂಧನೂರಿನ ಅಕ್ಕಿ ನಾಡಿಗೆಲ್ಲ ಹೆಸರಾಯಿತು. ಇತ್ತ ಜಲಾಶಯದಲ್ಲಿ ಹೂಳು ತುಂಬುತ್ತ ಬಂತು. ಮೊದಲು 133 ಟಿಎಂಸಿ ಅಡಿ ಇದ್ದ ಸಂಗ್ರಹ ಸಾಮರ್ಥ್ಯವನ್ನು ಈಗ 105.788 ಟಿಎಂಸಿ ಅಡಿ ಎಂದು ಲೆಕ್ಕ ಹಾಕುತ್ತೀರಿ. ಹೂಳು ನುಂಗಿದ ಆ ನೀರು ಯಾರ ಪಾಲಿನದು? ಕಾಗದದಲ್ಲಿ ಎಲ್ಲರದೂ. ನೆಲದ ಮೇಲೆ ಮಾತ್ರ ಅದು ಕೊನೆ ಭಾಗದವರ ಪಾಲಿನಿಂದಲೇ ಕಡಿತವಾಗುತ್ತದೆ, ಏಕೆಂದರೆ ಮೇಲಿನವರು ತಮ್ಮ ಪಾಲನ್ನು ಮೊದಲೇ ತೆಗೆದುಕೊಂಡಿರುತ್ತಾರೆ. ನಷ್ಟವನ್ನು ಹೀಗೆ ಹಂಚಬೇಕೆಂದು ಯಾವ ಸಭೆಯೂ ನಿರ್ಣಯ ಮಾಡಲಿಲ್ಲ, ಯಾವ ಕಾಯ್ದೆಯೂ ಹೇಳಲಿಲ್ಲ. ಆದರೂ ಆ ಹಂಚಿಕೆ ವರ್ಷ ವರ್ಷವೂ ಜಾರಿಯಾಗುತ್ತದೆ.

ನಾನು ಕಣ್ಣಾರೆ ಕಂಡದ್ದು ಇಷ್ಟು. ಕಾಲುವೆಗೆ ನೀರು ಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದು ವಾರಗಳಾದರೂ ನಮ್ಮ ಉಪಕಾಲುವೆಯ ಕೊನೆಯ ತೂಬು ಒಣಗಿಯೇ ಇರುತ್ತದೆ. ಕಾಲುವೆಯ ತಳದಲ್ಲಿ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿದೆ; ವರ್ಷದ ಹೆಚ್ಚು ದಿನ ನೀರು ಹರಿದಿದ್ದರೆ ಅದು ಅಲ್ಲಿ ಬೇರು ಬಿಡುತ್ತಿರಲಿಲ್ಲ. ಮೇಲ್ಭಾಗದಲ್ಲಿ ದಂಡೆಯ ಮೇಲೆ ಪಂಪ್‌ಸೆಟ್‌ಗಳಿವೆ, ರಸ್ತೆಯಡಿ ಪೈಪುಗಳಿವೆ, ಅಧಿಕೃತ ತೂಬಿನ ಪಕ್ಕದಲ್ಲೇ ಒಡೆದ ಕಿಂಡಿಗಳಿವೆ. ಹತ್ತಿ ಕಾಯಿ ಕಟ್ಟುವ ಹೊತ್ತಿಗೆ, ಮೆಣಸಿನಗಿಡ ಹೂ ಹಿಡಿಯುವ ಹೊತ್ತಿಗೆ ಒಂದೇ ಒಂದು ನೀರು ಸಿಕ್ಕರೆ ಬೆಳೆ ಉಳಿಯುತ್ತದೆ. ಅದು ಸಿಗದಾಗ ರೈತರು ಟ್ರ್ಯಾಕ್ಟರು ಏರಿ ನೀರಿನ ಮಟ್ಟ ಅಳೆಯುವ ಗೇಜ್ ಇರುವಲ್ಲಿಗೆ ಹೋಗಿ ರಾತ್ರಿ ಕಾವಲು ಕೂರುತ್ತಾರೆ, ಇಲ್ಲವೇ ರಸ್ತೆ ತಡೆ ಮಾಡಿ ಮೊಕದ್ದಮೆ ಹಾಕಿಸಿಕೊಳ್ಳುತ್ತಾರೆ. ಆ ಮೊಕದ್ದಮೆಗಳಲ್ಲಿ ಕೆಲವು ನನ್ನ ಕೈಗೂ ಬಂದಿವೆ. ಬೆಳೆ ಹೋದ ಮೇಲೆ ಮನೆಗೆ ಬೀಗ ಹಾಕಿ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುವ ಕುಟುಂಬಗಳು ನಮ್ಮ ಊರಿನಲ್ಲಿ ಇಂದಿಗೂ ಇವೆ. ಅವರ ಪಹಣಿ ತೆಗೆದು ನೋಡಿದರೆ ಜಮೀನು ಕಾಲುವೆಯ ಅಚ್ಚುಕಟ್ಟಿನಲ್ಲಿದೆ, ಅಂದರೆ ಕಾಲುವೆ ನೀರು ಸಿಗಬೇಕಾದ ಪ್ರದೇಶದಲ್ಲಿದೆ.

ಆ ಪಹಣಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಡೆಯ ಸಣ್ಣ ರೈತರೊಬ್ಬರು ಮಳೆಯಾಶ್ರಿತ ಪ್ರದೇಶದ ಯೋಜನೆಯೊಂದರಡಿ ಕೃಷಿ ಹೊಂಡಕ್ಕೆ ಅರ್ಜಿ ಹಾಕಿದರು. ಕಾಲುವೆ ನೀರು ಬರುವುದಿಲ್ಲ, ಬಿದ್ದ ಮಳೆಯನ್ನಾದರೂ ಹಿಡಿದಿಟ್ಟುಕೊಳ್ಳೋಣ ಎಂಬುದು ಅವರ ಆಸೆ. ಕಚೇರಿಯೊಂದು ಹಿಂಬರಹ ಕೊಟ್ಟಿತು: ಜಮೀನು ಅಚ್ಚುಕಟ್ಟು ಪ್ರದೇಶದಲ್ಲಿರುವುದರಿಂದ ತಾವು ಅರ್ಹರಲ್ಲ. ಆ ಕಾಗದ ಹಿಡಿದು ಅವರು ನನ್ನಲ್ಲಿಗೆ ಬಂದಾಗ ನಾನು ನಿಯಮಗಳನ್ನು ಓದಿದೆ. ಹಿಂಬರಹ ನಿಯಮದ ಪ್ರಕಾರವೇ ಇತ್ತು. ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಕಾನೂನು ಅವರ ಹೊಲಕ್ಕೆ ಕಾಗದದಲ್ಲಿ ನೀರು ಹರಿಸಿತ್ತು, ಮತ್ತು ಆ ಕಾಗದದ ನೀರನ್ನೇ ಕಾರಣ ಮಾಡಿ ಮಳೆ ನೀರಿನ ಹೊಂಡವನ್ನೂ ನಿರಾಕರಿಸಿತ್ತು. ಇಂಥ ಸಂದರ್ಭದಲ್ಲಿ ವಕೀಲನಾದವನು ಏನು ಹೇಳಬೇಕು? ಕಾನೂನು ಮುರಿದಿಲ್ಲ, ಮನೆಗೆ ಹೋಗಿ ಎಂದು ಹೇಳಬಹುದು. ನನಗೆ ಹಾಗೆ ಹೇಳಲು ಬಾಯಿ ಬರಲಿಲ್ಲ.

ಇದು ಹೊಸ ಸಮಸ್ಯೆಯೂ ಅಲ್ಲ. ಇಪ್ಪತ್ಮೂರು ಶತಮಾನಗಳ ಹಿಂದೆ ಗ್ರೀಸಿನ ಅರಿಸ್ಟಾಟಲ್ ಇದನ್ನು ಬಿಡಿಸಿ ನೋಡಿದ್ದಾನೆ. ಕಾನೂನು ಸಾಮಾನ್ಯ ಮಾತಿನಲ್ಲಿ ಬರೆಯಲ್ಪಡುತ್ತದೆ. ಬದುಕು ಒಂದೊಂದು ಕಡೆ ಒಂದೊಂದು ಬಗೆಯಾಗಿರುತ್ತದೆ. ಸಾಮಾನ್ಯ ನಿಯಮ ಒಂದು ಸಂದರ್ಭದಲ್ಲಿ ಎಡವಿದಾಗ, ಶಾಸನ ಬರೆದವನೇ ಅಲ್ಲಿ ನಿಂತಿದ್ದರೆ ಏನು ಹೇಳುತ್ತಿದ್ದನೋ ಅದನ್ನು ಹೇಳಿ ತಿದ್ದಬೇಕು ಎಂದ. ಇದಕ್ಕೆ ಅವನು ಕೊಟ್ಟ ಉದಾಹರಣೆ ಲೆಸ್ಬೋಸ್ ದ್ವೀಪದ ಕಟ್ಟಡ ಕೆಲಸದವರು ಬಳಸುತ್ತಿದ್ದ ಸೀಸದ ಅಳತೆಪಟ್ಟಿ. ಗಟ್ಟಿ ಪಟ್ಟಿ ಕಲ್ಲಿನ ಉಬ್ಬುತಗ್ಗಿಗೆ ಹೊಂದುವುದಿಲ್ಲ. ಸೀಸದ ಪಟ್ಟಿ ಬಾಗಿ ಕಲ್ಲಿನ ಆಕಾರವನ್ನೇ ಹಿಡಿಯುತ್ತದೆ. ಮಳೆಯಾಶ್ರಿತ ಯೋಜನೆಯಿಂದ ಅಚ್ಚುಕಟ್ಟನ್ನು ಹೊರಗಿಟ್ಟವರ ಉದ್ದೇಶ ನೀರಿದ್ದವರಿಗೆ ಮತ್ತೆ ನೀರು ಕೊಡಬಾರದೆಂಬುದು. ಅವರೇ ನಮ್ಮ ಒಣ ತೂಬಿನ ಪಕ್ಕ ನಿಂತಿದ್ದರೆ ಆ ಅರ್ಜಿಯನ್ನು ತಿರಸ್ಕರಿಸುತ್ತಿದ್ದರೇ?

ಅರಿಸ್ಟಾಟಲ್ ನ್ಯಾಯವನ್ನು ಎರಡಾಗಿ ವಿಂಗಡಿಸಿದ್ದೂ ನಮಗೆ ಬೇಕಾದದ್ದೇ. ಒಂದು, ಸಮಾಜದ ಸೊತ್ತನ್ನು ತಕ್ಕ ಪ್ರಮಾಣದಲ್ಲಿ ಹಂಚುವ ನ್ಯಾಯ. ಇನ್ನೊಂದು, ಒಬ್ಬನಿಂದ ಇನ್ನೊಬ್ಬನಿಗೆ ಹಾನಿಯಾದಾಗ ಅದನ್ನು ಸರಿಪಡಿಸುವ ನ್ಯಾಯ. ತಮ್ಮ ಸಭೆ ಮೊದಲನೆಯದನ್ನು ಮಾತ್ರ ಮಾಡುತ್ತದೆ: ಇಷ್ಟು ಕ್ಯೂಸೆಕ್, ಇಷ್ಟು ದಿನ, ಈ ದಿನಾಂಕದಿಂದ ಈ ದಿನಾಂಕದವರೆಗೆ. ಹೋದ ಹಂಗಾಮಿನಲ್ಲಿ ನೀರು ಸಿಗದವನಿಗೆ ಈ ಹಂಗಾಮಿನಲ್ಲಿ ಏನು ಕೊಡಬೇಕು ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ. ಪ್ರತಿ ಸಲ ಹಳೆಯ ಲೆಕ್ಕ ಅಳಿಸಿ ಹೊಸದಾಗಿ ಬರೆಯುತ್ತೀರಿ. ಕಳೆದುಕೊಂಡವನ ಸಾಲ ಮಾತ್ರ ಬ್ಯಾಂಕಿನಲ್ಲಿ ಅಳಿಯುವುದಿಲ್ಲ.

ಕಾನೂನಿಗೂ ನ್ಯಾಯಕ್ಕೂ ಏನು ಸಂಬಂಧ ಎಂಬ ಚರ್ಚೆಯನ್ನು ನಾನು ಕಾನೂನು ಕಾಲೇಜಿನಲ್ಲಿ ಪರೀಕ್ಷೆಗಾಗಿ ಓದಿದವನು. ಅದರ ಬೆಲೆ ತಿಳಿದದ್ದು ಕಕ್ಷಿದಾರರ ಎದುರು ಕುಳಿತಾಗ. 1832ರಲ್ಲಿ ಇಂಗ್ಲೆಂಡಿನ ಕಾನೂನು ಚಿಂತಕ ಜಾನ್ ಆಸ್ಟಿನ್, ಕಾನೂನು ಇದೆಯೇ ಎಂಬುದು ಒಂದು ಪ್ರಶ್ನೆ, ಅದು ಒಳ್ಳೆಯದೇ ಎಂಬುದು ಇನ್ನೊಂದು ಎಂದ. ಇಪ್ಪತ್ತನೆಯ ಶತಮಾನದಲ್ಲಿ ಎಚ್.ಎಲ್.ಎ. ಹಾರ್ಟ್ ಅದೇ ಮಾತನ್ನು ಹೆಚ್ಚು ಸೂಕ್ಷ್ಮವಾಗಿ ಸಮರ್ಥಿಸಿದರು. ಹಲವರು ಇದನ್ನು ನ್ಯಾಯದ ಬಗ್ಗೆ ಉದಾಸೀನವೆಂದು ತಿಳಿಯುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಆದೇಶಕ್ಕೆ ಸಹಿ ಬಿದ್ದಿದೆ ಎಂಬ ಮಾತ್ರಕ್ಕೆ ಅದನ್ನು ನ್ಯಾಯವೆಂದು ಕರೆಯಬೇಡಿ, ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ಎಂಬ ಎಚ್ಚರಿಕೆ ಅದರಲ್ಲಿದೆ. ನಾನು ತಮ್ಮಿಂದ ಬಯಸುವ ಮೊದಲ ಎಚ್ಚರವೂ ಅದೇ.

ಹಾರ್ಟ್ ಅವರೊಂದಿಗೆ 1958ರಲ್ಲಿ ವಾದಕ್ಕಿಳಿದ ಅಮೆರಿಕದ ಲಾನ್ ಫುಲ್ಲರ್ ನಮ್ಮ ಕಾಲುವೆಗೆ ಇನ್ನೂ ಹತ್ತಿರ ಬರುತ್ತಾರೆ. 1964ರಲ್ಲಿ ಅವರು, ಕಾನೂನು ಕಾನೂನೆನಿಸಿಕೊಳ್ಳಲು ಪಾಲಿಸಬೇಕಾದ ಎಂಟು ಗುಣಗಳನ್ನು ಹೇಳಿದರು: ಅದು ಎಲ್ಲರಿಗೂ ಅನ್ವಯಿಸುವಂತಿರಬೇಕು, ಪ್ರಕಟವಾಗಿರಬೇಕು, ಸ್ಪಷ್ಟವಿರಬೇಕು, ಪಾಲಿಸಲು ಸಾಧ್ಯವಿರಬೇಕು, ಹೀಗೆ. ಎಂಟನೆಯದು, ಘೋಷಿಸಿದ ನಿಯಮಕ್ಕೂ ಅಧಿಕಾರಿಗಳ ನಡೆಗೂ ಹೊಂದಾಣಿಕೆ ಇರಬೇಕೆಂಬುದು. ಅದು ತಪ್ಪಿದಾಗ ಕಾನೂನು ಕೆಟ್ಟದ್ದಾಗುವುದಷ್ಟೇ ಅಲ್ಲ, ಕಾನೂನಾಗಿರುವುದನ್ನೇ ಬಿಡತೊಡಗುತ್ತದೆ ಎಂಬುದು ಅವರ ವಾದ. 1965ರ ಕರ್ನಾಟಕ ನೀರಾವರಿ ಕಾಯ್ದೆ ಅನುಮತಿಯಿಲ್ಲದೆ ಕಾಲುವೆ ನೀರು ಸೆಳೆಯುವುದನ್ನು ಅಪರಾಧವೆನ್ನುತ್ತದೆ. 2024ರಲ್ಲಿ ಶಾಸನಸಭೆ ತಿದ್ದುಪಡಿ ತಂದು ಅದನ್ನು ಇನ್ನಷ್ಟು ಬಿಗಿ ಮಾಡಿತು. ಕೊನೆ ಭಾಗದ ರೈತರ ಹೆಸರನ್ನೇ ಹೇಳಿ ತಂದ ತಿದ್ದುಪಡಿ ಅದು. ಬೆಳೆ ನಿಗದಿಯ ದಾಖಲೆಗಳಿವೆ. ಹಾಗಾದರೆ ನಮ್ಮ ದೂರು ಕಾನೂನಿನ ಮೇಲಲ್ಲ. ಓದಿದರೆ ಅದು ನಮ್ಮ ಪರವಾಗಿಯೇ ಇದೆ. ಅದು 227 ಕಿಲೋಮೀಟರ್ ಉದ್ದಕ್ಕೂ ಒಂದೇ ಬಲದಿಂದ ಹರಿಯುವುದಿಲ್ಲ ಎಂಬುದೇ ನಮ್ಮ ದೂರು. ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ಕಾಲುವೆ ಬಿಟ್ಟಾಗ ದಂಡೆಯುದ್ದಕ್ಕೂ ನಿಷೇಧಾಜ್ಞೆ ಹೊರಡಿಸಿ, ಪಂಪ್‌ಸೆಟ್ ತೆರವು ಮಾಡಿಸಿ, ಪೊಲೀಸರನ್ನು ನಿಲ್ಲಿಸಿದ ಉದಾಹರಣೆಗಳಿವೆ. ಸರ್ಕಾರ ಮನಸ್ಸು ಮಾಡಿದರೆ ನೀರು ಕೊನೆಗೆ ಮುಟ್ಟುತ್ತದೆ ಎಂಬುದು ಆಗ ಎಲ್ಲರಿಗೂ ಕಾಣುತ್ತದೆ.

ನಮ್ಮದೇ ನ್ಯಾಯಾಲಯಗಳೂ ಈ ದಾರಿಯನ್ನು ನಡೆದಿವೆ. ಸಂವಿಧಾನದ 21ನೇ ವಿಧಿಯ ಅಡಿ, ಶಾಸನ ವಿಧಿಸಿದ ಕ್ರಮವನ್ನು ಪಾಲಿಸಿದರೆ ಸಾಕು, ಆ ಕ್ರಮ ನ್ಯಾಯವೇ ಎಂದು ಕೇಳುವಂತಿಲ್ಲ ಎಂಬ ನಿಲುವು 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿತ್ತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಆ ಕ್ರಮ ನ್ಯಾಯಯುತವೂ ಸಮಂಜಸವೂ ಆಗಿರಲೇಬೇಕು ಎಂದಿತು. ಸರಿಯಾದ ದಾರಿಯಲ್ಲಿ ಹೊರಟ ಆದೇಶವೆಂಬುದೇ ಉತ್ತರವಾಗದು ಎಂಬ ಮಾತು ಈ ದೇಶದಲ್ಲಿ ಅಂದಿನಿಂದ ತತ್ವಜ್ಞಾನಿಗಳ ಮಾತಷ್ಟೇ ಆಗಿ ಉಳಿದಿಲ್ಲ.

ಮೇಲ್ಭಾಗದ ರೈತ ಬಂಧುಗಳನ್ನು ಕಳ್ಳರೆಂದು ಕರೆಯಲು ನಾನು ಸಿದ್ಧನಿಲ್ಲ. ಅವರ ವಾದವನ್ನು ಅದರ ಪೂರ್ಣ ಬಲದೊಂದಿಗೆ ಕೇಳಬೇಕು. ಅವರ ತಂದೆ, ತಾತಂದಿರು ಎರೆ ಭೂಮಿಯನ್ನು ಸಮ ಮಾಡಿ, ಬದು ಕಟ್ಟಿ, ಸಾಲ ತಂದು ಗದ್ದೆ ಮಾಡಿದರು. ಎರಡು ತಲೆಮಾರು ನೀರು ನಿಂತ ನೆಲ ಈಗ ಕೆಲವೆಡೆ ಜವುಳಾಗಿದೆ, ಉಪ್ಪೇರಿ ಸವಳಾಗಿದೆ. ಅಲ್ಲಿ ಹತ್ತಿ ಬಿತ್ತಿ ಎಂದರೆ ಮೊಳಕೆಯೂ ಬರುವುದಿಲ್ಲ. ಇಷ್ಟು ವರ್ಷ ಸರ್ಕಾರವೇ ಕಣ್ಣು ಮುಚ್ಚಿಕೊಂಡಿತ್ತು, ಈಗ ಒಮ್ಮೆಲೇ ನಮ್ಮನ್ನು ಅಪರಾಧಿಗಳೆನ್ನುವುದು ಯಾವ ನ್ಯಾಯ ಎಂದು ಅವರು ಕೇಳಿದರೆ ಅದು ಸುಳ್ಳು ಪ್ರಶ್ನೆಯಲ್ಲ.

ಸ್ವತ್ತಿನ ಹಕ್ಕನ್ನು ಅತ್ಯಂತ ಬಲವಾಗಿ ಸಮರ್ಥಿಸಿದ ಆಧುನಿಕ ಚಿಂತಕ ರಾಬರ್ಟ್ ನೋಜಿಕ್. ಹಂಚಿಕೆಯ ಫಲ ಹೇಗೆ ಕಾಣುತ್ತದೆ ಎಂದು ನೋಡಬೇಡಿ, ಆ ಸೊತ್ತು ಕೈಗೆ ಬಂದ ಚರಿತ್ರೆಯನ್ನು ನೋಡಿ ಎಂದು ಅವರು 1974ರಲ್ಲಿ ವಾದಿಸಿದರು. ಮೇಲ್ಭಾಗದವರಿಗೆ ಇದಕ್ಕಿಂತ ಅನುಕೂಲವಾದ ಸಿದ್ಧಾಂತ ಸಿಗದು. ಆದರೆ ಆ ಸಿದ್ಧಾಂತವೂ ಎರಡು ಷರತ್ತು ಹಾಕುತ್ತದೆ. ಯಾರದೂ ಅಲ್ಲದ್ದನ್ನು ತನ್ನದಾಗಿಸಿಕೊಳ್ಳುವಾಗ ಬೇರೆಯವರ ಸ್ಥಿತಿ ಮೊದಲಿಗಿಂತ ಕೆಡಬಾರದು. ಅನ್ಯಾಯವಾಗಿ ಪಡೆದದ್ದಿದ್ದರೆ ಅದನ್ನು ಸರಿಪಡಿಸಬೇಕು. ಕಾಲುವೆಯ ನೀರು ಯಾರದೂ ಅಲ್ಲದ್ದಾಗಿ ಎಂದೂ ಇರಲಿಲ್ಲ. ಅದರ ಪಾಲು ಮೊದಲ ದಿನವೇ ಹೆಸರು ಹಿಡಿದು ಗೊತ್ತಾಗಿತ್ತು. ಚರಿತ್ರೆಯನ್ನೇ ನೋಡಿ ಎನ್ನುವವರು 1953ರಿಂದ ನೋಡಬೇಕು.

ಎಂಜಿನಿಯರುಗಳ ಮತ್ತು ಅರ್ಥಶಾಸ್ತ್ರಜ್ಞರ ವಾದ ಇನ್ನೊಂದಿದೆ. ಕೊನೆ ಭಾಗಕ್ಕೆ ನೀರು ಕಳಿಸಿದರೆ ದಾರಿಯಲ್ಲಿ ಇಂಗಿ ಆವಿಯಾಗಿ ಬಹಳಷ್ಟು ಹಾಳಾಗುತ್ತದೆ, ಅದೇ ನೀರು ಮೇಲೆ ಹೆಚ್ಚು ಉತ್ಪನ್ನ ಕೊಡುತ್ತದೆ ಎನ್ನುತ್ತಾರೆ. ಹೆಚ್ಚು ಜನರಿಗೆ ಹೆಚ್ಚು ಸುಖ ಎಂದ ಜೆರೆಮಿ ಬೆಂಥಾಮನ ದಾರಿ ಇದು. ಆ ಲೆಕ್ಕವನ್ನಾದರೂ ಪ್ರಾಮಾಣಿಕವಾಗಿ ಪೂರ್ತಿ ಮಾಡಬೇಕು. ಈಗಾಗಲೇ ನೀರು ನಿಂತಿರುವ ಗದ್ದೆಗೆ ಹಾಯಿಸಿದ ಮತ್ತೊಂದು ನೀರು ಕೊಡುವ ಲಾಭ ಅಲ್ಪ. ಬಾಡುತ್ತಿರುವ ಹತ್ತಿಗೆ ಸಿಕ್ಕ ಒಂದು ನೀರು ಇಡೀ ಬೆಳೆಯನ್ನು ಉಳಿಸುತ್ತದೆ. ಇದ್ದವನಿಗೆ ಮತ್ತೆ ಸಿಕ್ಕದ್ದರ ಸುಖ ಕಡಿಮೆಯಾಗುತ್ತ ಹೋಗುತ್ತದೆ ಎಂದು ಬೆಂಥಾಮನೇ ಒಪ್ಪಿದ್ದ. ಇನ್ನು ಒಟ್ಟು ಮೊತ್ತ ಹೆಚ್ಚಾಯಿತೆಂದು ಒಬ್ಬನ ಬದುಕನ್ನು ಇನ್ನೊಬ್ಬನ ಲಾಭದಲ್ಲಿ ಸೇರಿಸಿ ಕೂಡುವುದು ಮನುಷ್ಯರು ಬೇರೆ ಬೇರೆ ಎಂಬುದನ್ನೇ ಮರೆತಂತೆ ಎಂದು ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ಹೇಳಿದ ಮೇಲೆ, ಆ ವಾದಕ್ಕೆ ಮೊದಲಿನ ಆತ್ಮವಿಶ್ವಾಸ ಉಳಿದಿಲ್ಲ.

ರಾಲ್ಸ್ ಅವರ ಹೆಸರು ಬಂದದ್ದರಿಂದ ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ. 1971ರಲ್ಲಿ ಅವರು ಒಂದು ಕಲ್ಪನೆಯನ್ನು ಮುಂದಿಟ್ಟರು. ಸಮಾಜದ ನಿಯಮಗಳನ್ನು ಮಾಡಲು ಜನ ಸೇರಿದ್ದಾರೆ. ಆದರೆ ಪ್ರತಿಯೊಬ್ಬರ ಮುಂದೆಯೂ ಅಜ್ಞಾನದ ತೆರೆಯೊಂದಿದೆ. ತಾನು ಸಿರಿವಂತನೋ ಬಡವನೋ, ಯಾವ ಜಾತಿಯವನೋ, ಗಂಡೋ ಹೆಣ್ಣೋ, ಶಕ್ತನೋ ಅಶಕ್ತನೋ ಯಾರಿಗೂ ಗೊತ್ತಿಲ್ಲ. ಆ ಸ್ಥಿತಿಯಲ್ಲಿ ಎಲ್ಲರೂ ಒಪ್ಪುವ ನಿಯಮವೇ ನ್ಯಾಯದ ನಿಯಮ. ಕೇಕನ್ನು ಹಂಚುವವನಿಗೆ ಕೊನೆಯ ತುಂಡು ಎಂದು ಗೊತ್ತುಮಾಡಿದರೆ ಅವನು ಸಮನಾಗಿಯೇ ಕತ್ತರಿಸುತ್ತಾನೆ ಎಂಬ ಉದಾಹರಣೆಯನ್ನೂ ಅವರು ಕೊಡುತ್ತಾರೆ. ಮಾನ್ಯರೇ, ಮುಂದಿನ ಸಭೆಯಲ್ಲಿ ಒಂದು ಗಳಿಗೆ ಹೀಗೆ ಯೋಚಿಸಿ. ತಮ್ಮ ಜಮೀನು ಕಾಲುವೆಯ ಎಷ್ಟನೆಯ ಮೈಲಿನಲ್ಲಿದೆ ಎಂಬುದು ತಮಗೆ ಗೊತ್ತಿಲ್ಲ. ಕಾರಟಗಿಯಲ್ಲಿರಬಹುದು, ಕೊನೆಯ ಉಪಕಾಲುವೆಯ ಕೊನೆಯ ಎಕರೆಯಾಗಿರಬಹುದು. ಜಮೀನೇ ಇಲ್ಲದೆ ಸಸಿ ನಾಟಲು, ಹತ್ತಿ ಬಿಡಿಸಲು ಹೋಗುವ ಕೂಲಿ ಹೆಂಗಸಿನ ಜಾಗದಲ್ಲೂ ತಾವು ಇರಬಹುದು. ಈಗ ನೀರು ಬಿಡುವ ಕ್ರಮವನ್ನು ಬರೆಯಿರಿ. ಮೊದಲು ಮೇಲೆ, ಉಳಿದರೆ ಕೆಳಗೆ ಎಂಬ ಈಗಿನ ರೂಢಿಯನ್ನು ತಾವು ಬರೆಯುವುದಿಲ್ಲ ಎಂಬ ನಂಬಿಕೆ ನನಗಿದೆ.

ಈ ತೆರೆ ನಮ್ಮ ಮುಂದೆಯೂ ಇರಬೇಕು. ಮಾನ್ವಿ ಸೀಮೆಯಲ್ಲೇ ತುಂಗಭದ್ರೆಗೆ ಅಡ್ಡಲಾಗಿ ರಾಜಲಬಂಡಾ ಅಣೆಕಟ್ಟಿದೆ. ಅಲ್ಲಿಂದ ಹೊರಡುವ ಕಾಲುವೆ ಮೊದಲು ನಮ್ಮ ನೆಲದಲ್ಲಿ ಹರಿದು ಆಮೇಲೆ ತೆಲಂಗಾಣದ ಗದ್ವಾಲ್ ಕಡೆ ಹೋಗುತ್ತದೆ. ಪಾಲಿನ ನೀರು ತಮಗೆ ಮುಟ್ಟುತ್ತಿಲ್ಲ ಎಂದು ಅಲ್ಲಿನ ರೈತರು ಬಹುಕಾಲದಿಂದ ದೂರುತ್ತಿದ್ದಾರೆ. ಆ ಕಾಲುವೆಯಲ್ಲಿ ಮೇಲ್ಭಾಗದವರು ನಾವು. ಎಡದಂಡೆ ನಾಲೆಯಲ್ಲಿ ನ್ಯಾಯ ಕೇಳುವವರು ರಾಜಲಬಂಡಾದಲ್ಲಿ ಬೇರೆ ಮಾತಾಡಿದರೆ ಅದು ನ್ಯಾಯದ ಬೇಡಿಕೆಯಾಗದೆ ಬರೀ ನೀರಿನ ಬೇಡಿಕೆಯಾಗುತ್ತದೆ. ನಾನು ಇಲ್ಲಿ ಕೇಳುವುದನ್ನೆಲ್ಲ ಅಲ್ಲಿಯೂ ಒಪ್ಪುತ್ತೇನೆ.

ಅಮರ್ತ್ಯ ಸೇನ್ ಅವರಿಗೆ ರಾಲ್ಸ್ ಅವರ ದಾರಿ ಸಾಲದೆನಿಸಿತು. ಪರಿಪೂರ್ಣ ಸಂಸ್ಥೆ ಹೇಗಿರಬೇಕೆಂದು ಚಿತ್ರಿಸುತ್ತ ಕೂರುವುದಕ್ಕಿಂತ, ಜನರ ಬದುಕಿನಲ್ಲಿ ನಿಜವಾಗಿ ಏನಾಗುತ್ತಿದೆ ಎಂದು ನೋಡಿ ಕಣ್ಣಿಗೆ ಕಾಣುವ ಅನ್ಯಾಯವನ್ನು ಕಡಿಮೆ ಮಾಡುವುದು ಮುಖ್ಯವೆಂದು ಅವರು 2009ರಲ್ಲಿ ವಾದಿಸಿದರು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯವನ್ನು ತಡೆಯುವುದೇ ರಾಜ್ಯಾಧಿಕಾರದ ಕೆಲಸ ಎಂಬ ನಮ್ಮ ಪ್ರಾಚೀನರ ಮಾತನ್ನು ಅವರು ಅಲ್ಲಿ ನೆನೆಯುತ್ತಾರೆ. ಈ ಎರಡು ದಾರಿಗಳ ನಡುವೆ ಪಂಡಿತರು ವಾದ ಮಾಡಲಿ. ನಮ್ಮ ಕಾಲುವೆಗೆ ಎರಡೂ ಬೇಕು: ನಿಯಮ ಬರೆಯುವಾಗ ರಾಲ್ಸ್ ಅವರ ತೆರೆ, ಬರೆದಾದ ಮೇಲೆ ಸೇನ್ ಅವರ ಕಣ್ಣು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ರಾಜ್ಯ ಎಚ್ಚರವಾಯಿತು. ಸಚಿವರು ಓಡಿ ಬಂದರು, ಪರಿಣತರು ಬಂದರು, ಹರಿಯುವ ನೀರಿನಲ್ಲೇ ಜೀವದ ಹಂಗು ತೊರೆದು ಕಾರ್ಮಿಕರು ಕೆಲಸ ಮಾಡಿದರು, ಸುಮಾರು ಒಂದು ವಾರದಲ್ಲಿ ತಡೆಗೇಟು ಕೂರಿಸಿದರು. ಅಂದು ದುಡಿದವರಿಗೆ ಈ ನಾಡಿನ ರೈತರೆಲ್ಲ ಋಣಿಗಳು. ಎಲ್ಲರ ನೀರು ಒಂದೇ ರಾತ್ರಿಯಲ್ಲಿ ಹರಿದು ಹೋಗುವುದು ವಿಪತ್ತು ಎಂಬುದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಕೆಲವರ ನೀರು ದಶಕಗಳಿಂದ ಹರಿದು ಹೋಗುತ್ತಿರುವುದನ್ನು ವಿಪತ್ತೆಂದು ಏಕೆ ಎಣಿಸುವುದಿಲ್ಲ?

ಸಂವಿಧಾನದ ಪೀಠಿಕೆ ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯವನ್ನು ಸ್ವಾತಂತ್ರ್ಯ ಸಮಾನತೆಗಳಿಗಿಂತ ಮೊದಲು ಹೇಳುತ್ತದೆ. ಸಮುದಾಯದ ಭೌತಿಕ ಸಂಪತ್ತು ಎಲ್ಲರ ಹಿತಕ್ಕಾಗುವಂತೆ ಹಂಚಿಕೆಯಾಗಬೇಕು ಎನ್ನುತ್ತದೆ 39(ಬಿ) ವಿಧಿ. ಸರ್ಕಾರ ಕಟ್ಟಿದ ಕಾಲುವೆಯ ನೀರಿಗಿಂತ ಹೆಚ್ಚು ಸಮುದಾಯದ್ದಾದ ಸಂಪತ್ತು ಯಾವುದು? ಆದರೆ 37ನೇ ವಿಧಿಯ ಪ್ರಕಾರ ಇದನ್ನು ನ್ಯಾಯಾಲಯದ ಮೂಲಕ ಜಾರಿ ಮಾಡಿಸಲಾಗದು. ಇದು ಆಡಳಿತಕ್ಕೆ ಮೂಲಭೂತ, ಕಾನೂನು ಮಾಡುವಾಗ ಪಾಲಿಸಬೇಕಾದ ಕರ್ತವ್ಯ. ಅಂದರೆ ಸಂವಿಧಾನ ಬರೆದವರು ಈ ನ್ಯಾಯವನ್ನು ನ್ಯಾಯಾಧೀಶರ ಕೈಗೆ ಕೊಡದೆ ತಮ್ಮಂಥವರ ಕೈಗೆ ಕೊಟ್ಟಿದ್ದಾರೆ. 1949ರ ನವೆಂಬರ್ 25ರಂದು ಡಾ. ಅಂಬೇಡ್ಕರ್, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುವ ವೈರುಧ್ಯದ ಬದುಕಿಗೆ ಕಾಲಿಡುತ್ತಿದ್ದೇವೆ ಎಂದು ಎಚ್ಚರಿಸಿದರು. ಎಡದಂಡೆ ನಾಲೆಯ ಮೊದಲ ಮೈಲಿನವನಿಗೂ ಕೊನೆಯ ಮೈಲಿನವನಿಗೂ ಮತ ಒಂದೇ. ನೀರು ಮಾತ್ರ ಹಾಗಲ್ಲ.

ನಮ್ಮ ಪ್ರದೇಶದ ಜನಪ್ರತಿನಿಧಿಗಳಿಗೆ ಇಲ್ಲಿ ಒಂದು ಮಾತು ವಿಶೇಷವಾಗಿ ಹೇಳಬೇಕು. ನಾವು ಈ ಹಿಂದುಳಿದ ಪ್ರದೇಶಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ಹೋರಾಡಿದವರು. ಉಳಿದ ಕರ್ನಾಟಕಕ್ಕೆ ಸಿಕ್ಕದ್ದು ನಮಗೆ ಸಿಗಲಿಲ್ಲ, ಎಲ್ಲರಿಗೂ ಒಂದೇ ನಿಯಮವೆಂದರೆ ಹಿಂದುಳಿದವರು ಹಿಂದೆಯೇ ಉಳಿಯುತ್ತಾರೆ, ಆದ್ದರಿಂದ ವಿಶೇಷ ಪಾಲು ಬೇಕು ಎಂದು ವಾದಿಸಿ 2012ರ 98ನೇ ತಿದ್ದುಪಡಿಯನ್ನು ಪಡೆದೆವು. ದೆಹಲಿಯ ಎದುರು ಆಡಿದ ಆ ವಾದವನ್ನು ನಮ್ಮದೇ ಕಾಲುವೆಯ ಕೊನೆಯವರು ನಮ್ಮ ಎದುರು ಆಡಿದಾಗ ಅದು ಹೇಗೆ ತಪ್ಪಾಗುತ್ತದೆ?

ಇನ್ನು ನನ್ನ ಕೋರಿಕೆಗಳು. ಮೊದಲನೆಯದು ಅಳತೆ. ಈಗ ಎಷ್ಟು ಕ್ಯೂಸೆಕ್ ಬಿಟ್ಟಿದ್ದೇವೆ ಎಂದು ಕಾಲುವೆಯ ತಲೆಯಲ್ಲಿ ಅಳೆದು ಹೇಳುತ್ತೀರಿ. ಪ್ರತಿ ಉಪಕಾಲುವೆಯ ಕೊನೆಯ ತೂಬಿನಲ್ಲೂ ಗೇಜ್ ಇಟ್ಟು, ಆ ದಿನದ ಅಳತೆಯನ್ನು ಅದೇ ದಿನ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಬರೆಸಿ. ಕೊನೆಯಲ್ಲಿ ನೀರು ಮುಟ್ಟುವವರೆಗೆ ಆದೇಶ ಜಾರಿಯಾಯಿತೆಂದು ಕಡತದಲ್ಲಿ ಬರೆಯಬೇಡಿ. ಸರದಿಯ ಮೇಲೆ ನೀರು ಕೊಡುವ ವಾರಬಂದಿ ಶುರು ಮಾಡುವಾಗ ಕೊನೆಯಿಂದ ಮೇಲಕ್ಕೆ ಬನ್ನಿ. ಕಳೆದ ಹಂಗಾಮಿನಲ್ಲಿ ನೀರು ತಪ್ಪಿದ ತೂಬುಗಳಿಗೆ ಈ ಹಂಗಾಮಿನ ಮೊದಲ ಸರದಿ ಕೊಡಿ.

ಎರಡನೆಯದು, ನೀರು ಮುಟ್ಟದ ಜಮೀನನ್ನು ನೀರಾವರಿ ಎಂದು ಕರೆಯುವುದನ್ನು ನಿಲ್ಲಿಸಿ. ಗೇಜಿನ ದಾಖಲೆಯ ಪ್ರಕಾರ ನೀರು ಬಾರದ ಹಂಗಾಮಿಗೆ ನೀರಿನ ಕರ ಬೇಡ. ಎಲ್ಲಿಯವರೆಗೆ ನೀರು ಬರುವುದಿಲ್ಲವೋ ಅಲ್ಲಿಯವರೆಗೆ ಮಳೆಯಾಶ್ರಿತ ರೈತರಿಗಿರುವ ಯೋಜನೆಗಳು ಆ ಜಮೀನಿಗೂ ಸಿಗುವಂತೆ ಸುತ್ತೋಲೆ ಹೊರಡಿಸಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ.

ಕಾನೂನು ಜಾರಿಯಲ್ಲಿ ಮುಖ ನೋಡಬೇಡಿ ಎಂಬುದು ಇನ್ನೊಂದು. ಎರಡೆಕರೆಯವನ ಡೀಸೆಲ್ ಪಂಪ್ ಹೊತ್ತೊಯ್ಯುವುದು ಸುಲಭ. ಪ್ರಭಾವಿಯ ಹೊಲಕ್ಕೆ ಹೋಗುವ ಪೈಪು ಕೀಳುವುದು ಕಷ್ಟ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದಕ್ಕುವಂಥದು ಎಂಬುದು ಅದರ ಸಾರ. ಅದೇ ಅರಸ ತನ್ನ ಸ್ತಂಭಶಾಸನವೊಂದರಲ್ಲಿ ಅಧಿಕಾರಿಗಳಿಗೆ ವ್ಯವಹಾರ ಸಮತೆ ಮತ್ತು ದಂಡ ಸಮತೆ ಇರಬೇಕೆಂದ: ವಿಚಾರಣೆಯೂ ಶಿಕ್ಷೆಯೂ ಎಲ್ಲರಿಗೂ ಒಂದೇ ಬಗೆಯಾಗಿರಬೇಕು. ಮೇಲ್ಭಾಗದವರಿಗೂ ಇದೇ ನ್ಯಾಯ ಸಲ್ಲಬೇಕು. ಒಂದೇ ವರ್ಷದಲ್ಲಿ ಭತ್ತ ಬಿಡಿ ಎನ್ನಬೇಡಿ. ಜವುಳು ನೆಲದ ನೀರು ಬಸಿಯುವ ಕಾಲುವೆಗಳನ್ನು ಮಾಡಿಕೊಡಿ, ಕಡಿಮೆ ನೀರಿನ ಬೆಳೆಗೆ ಖಚಿತವಾದ ಬೆಂಬಲ ಬೆಲೆಯ ಖರೀದಿ ಕೊಡಿ, ಹಂತ ಹಂತವಾಗಿ ಪ್ರದೇಶ ಇಳಿಸುವ ವೇಳಾಪಟ್ಟಿಯನ್ನು ಅವರೊಂದಿಗೆ ಕುಳಿತು ಮಾಡಿ. ಸರ್ಕಾರದ ಮೌನವನ್ನು ನಂಬಿ ಬದುಕು ಕಟ್ಟಿಕೊಂಡವರಿಗೆ ಅಷ್ಟು ಕಾಲಾವಕಾಶ ಕೊಡುವುದು ನ್ಯಾಯ.

ಕಡೆಯದಾಗಿ, ಸಭೆಯಲ್ಲಿ ಯಾರು ಕೂರುತ್ತಾರೆ ಎಂಬುದು. ಕೊನೆ ಭಾಗದ ರೈತರಿಗೆ, ಅದರಲ್ಲೂ ಮಹಿಳೆಯರಿಗೆ ಮತ್ತು ಕೃಷಿ ಕಾರ್ಮಿಕರಿಗೆ ಅಲ್ಲಿ ಮಾತಾಡುವ ಹಕ್ಕಿನೊಂದಿಗೆ ಕುರ್ಚಿ ಕೊಡಿ. ಜಮೀನಿಲ್ಲದವರಿಗೆ ನೀರಿನಲ್ಲಿ ಏನು ಪಾಲು ಎಂದು ಕೇಳುವವರಿದ್ದಾರೆ. ಮಹಾರಾಷ್ಟ್ರದ ಪುರಂದರ ತಾಲ್ಲೂಕಿನಲ್ಲಿ ವಿಲಾಸರಾವ್ ಸಾಳುಂಖೆಯವರು 1970ರ ದಶಕದಲ್ಲಿ ಕಟ್ಟಿದ ಪಾಣಿ ಪಂಚಾಯತ್‌ಗಳು ನೀರನ್ನು ಎಕರೆ ಲೆಕ್ಕದಲ್ಲಿ ಹಂಚದೆ ಮನೆಯ ತಲೆ ಲೆಕ್ಕದಲ್ಲಿ ಹಂಚಿದವು, ಭೂಮಿಯಿಲ್ಲದವರಿಗೂ ಪಾಲು ಇಟ್ಟವು, ಕಬ್ಬನ್ನು ದೂರವಿಟ್ಟವು. ಅಷ್ಟು ದೊಡ್ಡ ಬದಲಾವಣೆಯನ್ನು ನಾಳೆಯೇ ಮಾಡಿ ಎಂದು ನಾನು ಕೇಳುತ್ತಿಲ್ಲ. ಒಂದು ಉಪಕಾಲುವೆಯಲ್ಲಾದರೂ ಪ್ರಯೋಗ ಮಾಡಿ ನೋಡಿ ಎಂದು ಕೇಳುತ್ತೇನೆ.

ಮುಂದಿನ ಹಂಗಾಮಿನ ಸಭೆ ಸೇರುವ ಮೊದಲು ಈ ಕೋರಿಕೆಗಳಿಗೆ ಲಿಖಿತ ಉತ್ತರವನ್ನು ಪತ್ರಿಕೆಗಳ ಮೂಲಕವೇ ಕೊಡಬೇಕೆಂದು ವಿನಂತಿಸುತ್ತೇನೆ. ಯಾವುದನ್ನು ಒಪ್ಪಲಾಗದೋ ಅದರ ಕಾರಣವನ್ನೂ ತಿಳಿಸಿ. ಕಾರಣ ಸರಿಯಿದ್ದರೆ ನಮ್ಮ ಊರಿನವರಿಗೆ ಅದನ್ನು ನಾನೇ ವಿವರಿಸುತ್ತೇನೆ. ಕೃಷಿ ಹೊಂಡದ ಅರ್ಜಿಯ ಮೇಲ್ಮನವಿ ಇನ್ನೂ ಇತ್ಯರ್ಥವಾಗಿಲ್ಲ. ತಮ್ಮ ಸುತ್ತೋಲೆ ಬಂದರೆ ಅದರ ಪ್ರತಿಯನ್ನು ಲಗತ್ತಿಸಲು ಕಾಯುತ್ತಿದ್ದೇನೆ.

ಇತಿ,
ತಮ್ಮ ವಿಶ್ವಾಸಿ,
ಕೊನೆ ಭಾಗದ ಹಳ್ಳಿಯೊಂದರ ವಕೀಲ,
ರಾಯಚೂರು